ಕೊಟ್ಟಷ್ಟೇ ಬರೆ, ಬರೆದಷ್ಟು ಕೊಡು

ಚಿ. ಮಂಜುನಾಥನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಚುನಾವಣೆಗೆ ಪಕ್ಷದ ಟಿಕೆಟ್ ಸಿಕ್ಕಿತು ಅಂತ ನಿಮ್ಮಪ್ಪ ಹೇಳಿದ. ಸಂತೋಷ ಆಯಿತು. ಈ ಓಡಾಟದಲ್ಲಿ ಫೋನಿನಲ್ಲಿ ಹೇಳಿದ ಮಾತು ನಿನ್ನ ತಲೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಸ್ತೆ, ನೀರು, ಬೆಳೆವಿಮೆ ಬಗ್ಗೆ ಹೇಳಲು ನಿನ್ನ ಸುತ್ತ ಬೇಕಾದಷ್ಟು ಜನ ಇದ್ದಾರೆ. ಕಲಾವಿದರ ಬಗ್ಗೆ ಹೇಳುವವರು ಇರಲಿಕ್ಕಿಲ್ಲ.

ನಾಮಪತ್ರ ಸಲ್ಲಿಸುವ ದಿನ ಡೊಳ್ಳು, ಝಾಂಜ್ ಮೇಳ, ನಂದಿಕೋಲು ಎಲ್ಲ ಕರೆಸುತ್ತೀಯ. ಕರೆಸು. ಆದರೆ ದುಡ್ಡನ್ನು ನಡುವಿನವನ ಕೈಗೆ ಕೊಡಬೇಡ, ಮೇಳದವರ ಕೈಗೇ ಕೊಡು. ವಿಧಾನಸಭೆಗೆ ನಿಂತವರು 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು, ಮೇಳದ ಖರ್ಚೂ ಆ ಲೆಕ್ಕಕ್ಕೇ ಸೇರುತ್ತದೆ. ಕೊಟ್ಟಷ್ಟೇ ಬರೆ, ಬರೆದಷ್ಟು ಕೊಡು. ಬಿಸಿಲಲ್ಲಿ ಕುಣಿದವರು ಗಾಡಿ ಬಾಡಿಗೆಗೆ ಸಾಲ ಮಾಡಿ ಊರು ಸೇರಬಾರದು.

ಆಮೇಲೆ ಭಾಷಣದ ವಿಷಯ. 'ನಮ್ಮ ದೇಶದ ಸಂಸ್ಕೃತಿ' ಅಂತ ಎಲ್ಲ ಪಕ್ಷದವರೂ ಹೇಳುತ್ತಾರೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು ಪ್ರತಿಯೊಬ್ಬರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿಯೂ ಹೇಳುತ್ತದೆ. ಆದರೆ ಗೆದ್ದ ಮೇಲೆ ಅದು ಉತ್ಸವ, ಶಾಲು, ಹಾರಕ್ಕೆ ಬಂದು ನಿಲ್ಲುತ್ತದೆ, ಅಲ್ವಾ? ಮುಂಬೈಯಿಂದ ಬಂದ ಸಿನಿಮಾ ಗಾಯಕರಿಗೆ ಇಡೀ ರಾತ್ರಿ, ಊರಿನ ಗೀಗೀ ಪದದವರಿಗೆ ಮಂತ್ರಿ ಬರುವ ಮೊದಲಿನ ಹತ್ತು ನಿಮಿಷ.

ಉತ್ಸವ ಬೇಡ ಅಂತ ನಾನು ಹೇಳುವುದಿಲ್ಲ. ಹಂಪಿ ಉತ್ಸವ ಶುರುವಾಗಲು ಎಂ.ಪಿ. ಪ್ರಕಾಶ್ ಕಾರಣ. ಅವರು ಹೂವಿನಹಡಗಲಿಯಲ್ಲಿ ರಂಗಭಾರತಿ ತಂಡ ಕಟ್ಟಿ ನಾಟಕ ಮಾಡಿಸಿದವರು, ಉಪಮುಖ್ಯಮಂತ್ರಿಯೂ ಆದವರು. ನಾಟಕ ಗೊತ್ತಿದ್ದ ರಾಜಕಾರಣಿ ಮಾಡಿದ ಉತ್ಸವ ಅದು. ಈಗಿನ ಎಷ್ಟೋ ಉತ್ಸವಗಳಲ್ಲಿ ಫ್ಲೆಕ್ಸ್‌ನವನೇ ಜಾಸ್ತಿ ದುಡಿಯುತ್ತಾನೆ.

ನಿನ್ನಿಂದ ಆಗಬೇಕಾದ್ದು ಉತ್ಸವ ಇಲ್ಲದ ದಿನಗಳ ಕೆಲಸ. ಮೊದಲು ಮಾಸಾಶನ. ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಿಂಗಳಿಗಿಷ್ಟು ಅಂತ ಕೊಡುತ್ತದೆ. ಅರ್ಜಿ ಹಾಕಬೇಕಾದರೆ ಕಾರ್ಯಕ್ರಮದ ಫೋಟೊ, ಆಮಂತ್ರಣ ಪತ್ರಿಕೆ, ಪೇಪರ್ ತುಣುಕು ಬೇಕು. ನಲವತ್ತು ವರ್ಷ ಮದುವೆ ಮನೆಗಳಲ್ಲಿ ಸೋಬಾನೆ ಹಾಡಿದ ಮುದುಕಿಯ ಹತ್ತಿರ ಯಾವ ಪೇಪರ್ ತುಣುಕು ಇರುತ್ತದೆ? ಆಕೆಯ ಹೆಸರು ಯಾವ ಆಮಂತ್ರಣ ಪತ್ರಿಕೆಯಲ್ಲೂ ಬಂದಿಲ್ಲ. ಕೌದಿ ಹೊಲಿಯುವವರಿಗೆ, ತೊಗಲುಗೊಂಬೆಯವರಿಗೆ ಆನ್‌ಲೈನ್ ಅರ್ಜಿ ಅಂದರೇನೇ ಭಯ. ನಿನ್ನ ಕಚೇರಿಯಲ್ಲಿ ವಾರಕ್ಕೊಂದು ದಿನ ಒಬ್ಬ ಹುಡುಗ ಇದಕ್ಕಂತಲೇ ಕೂರಲಿ. ಅರ್ಜಿ ಎಲ್ಲಿ ನಿಂತಿದೆ ಅಂತ ಅವನೇ ಬೆನ್ನು ಹತ್ತಲಿ. ಗೆದ್ದರೂ ಸೋತರೂ ಈ ಕೆಲಸ ಮಾಡಬಹುದು, ಸರ್ಕಾರದ ಒಪ್ಪಿಗೆಯೇನೂ ಬೇಕಿಲ್ಲ.

ಇನ್ನು ಸಮುದಾಯ ಭವನ. ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ನಿಧಿ ಇದೆ, ಅದರಲ್ಲಿ ಒಂದಿಷ್ಟು ಈ ಭವನಗಳಿಗೆ ಹೋಗುತ್ತದೆ. ವೇದಿಕೆ ನೋಡಿದ್ದೀಯಾ? ವಧುವರರ ಕುರ್ಚಿ ಹಾಕಿದರೆ ಮುಗಿಯಿತು. ಹಿಂದೆ ಬಣ್ಣ ಹಚ್ಚಿಕೊಳ್ಳುವ ಕೋಣೆ ಇಲ್ಲ, ಪಾತ್ರ ಮಾಡುವ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ನಕ್ಷೆ ಹಾಕುವಾಗ ಒಬ್ಬ ನಾಟಕದವನನ್ನು ಕೂರಿಸಿಕೋ. ಕಟ್ಟಿದ ಮೇಲೆ ಕೇಳಿದರೆ ಅವನು ಬೈದು ಹೋಗುತ್ತಾನೆ, ಅಷ್ಟೇ.

ದೊಡ್ಡಾಟದವರ ತೊಂದರೆ ಬೇರೆ. ತಿಂಗಳುಗಟ್ಟಲೆ ತಾಲೀಮು ಮಾಡಿ ರಾತ್ರಿಯೆಲ್ಲ ಆಡುವ ಬಯಲಾಟ ಅದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೈಕ್ ಹಾಕುವ ಹಾಗಿಲ್ಲ. ಮಲಗುವವರ ಕಷ್ಟವೂ ನಿಜ. ಆದರೆ 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ, ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. (12ಕ್ಕೆ ದೊಡ್ಡಾಟಕ್ಕೆ ಇನ್ನೂ ಬಿಸಿಯೇ ಏರಿರುವುದಿಲ್ಲ, ಆ ಮಾತು ಬೇರೆ.) ಅದರಲ್ಲಿ ಒಂದೆರಡು ದಿನವಾದರೂ ನಮ್ಮ ಜಾತ್ರೆಗಳಿಗೆ ಸಿಗಲಿ ಅಂತ ಪಟ್ಟು ಹಿಡಿದು ಕೇಳು.

ಬಾದಾಮಿಯ ಬನಶಂಕರಿ ಜಾತ್ರೆಗೆ ಒಮ್ಮೆ ಹೋಗಿ ಬಾ. ಅಲ್ಲಿ ಸಾಲಾಗಿ ನಾಟಕ ಕಂಪನಿಗಳು ಟೆಂಟ್ ಹಾಕಿರುತ್ತವೆ, ಜನ ಟಿಕೆಟ್ ತಗೊಂಡು ನೋಡುತ್ತಾರೆ. ಜಾತ್ರೆ ಮುಗಿದ ಮೇಲೆ ಆ ಕುಟುಂಬಗಳು ಎಲ್ಲಿರುತ್ತವೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಕೇಳು. ಊರೂರು ತಿರುಗುವವರಿಗೆ ರೇಷನ್ ಕಾರ್ಡೂ ಒಂದು ಕಥೆಯೇ.

ಇದರಿಂದ ವೋಟು ಬರುತ್ತಾ ಅಂತ ನಿನ್ನ ಹುಡುಗರು ಕೇಳುತ್ತಾರೆ. ಜಾಸ್ತಿ ಬರುವುದಿಲ್ಲ. ಸುಮ್ನೆ ಆಸೆ ತೋರಿಸಲಾರೆ. ಇನ್ನೊಂದು ಮಾತು: ಸಹಾಯ ಮಾಡಿದೆ ಅಂತ ಯಾರ ಹೆಗಲಿಗೂ ಪಕ್ಷದ ಶಾಲು ಹಾಕಬೇಡ. ನಾಳೆ ದೊಡ್ಡಾಟದಲ್ಲಿ ಆಟ ನಡೆಸಿಕೊಡುವ ಸಾರಥಿ ನಿನ್ನ ಕ್ಷೇತ್ರದ ರಸ್ತೆಗುಂಡಿ ಬಗ್ಗೆ ಚೇಷ್ಟೆ ಮಾಡಿದರೆ ಮುಂದಿನ ಸಾಲಿನಲ್ಲಿ ಕೂತು ನಗು. ಮೈಕ್ ಬಂದ್ ಮಾಡಿಸಿದೆ ಅಂತ ಗೊತ್ತಾದರೆ ನಾನೇ ನಿನಗೆ ವೋಟು ಹಾಕುವುದಿಲ್ಲ.

ಭಾನುವಾರ ಊರಿಗೆ ಬರುತ್ತೀಯಂತೆ. ಪ್ರಣಾಳಿಕೆಯ ಕರಡು ತಗೊಂಡು ಬಾ, ಅಚ್ಚಿಗೆ ಹೋಗುವ ಮೊದಲು ನೋಡುತ್ತೇನೆ. ನಿಮ್ಮ ಕಾಕು ಮಾದ್ಲಿ ಮಾಡುತ್ತಾಳಂತೆ, ಹತ್ತು ಜನರನ್ನು ಕಟ್ಟಿಕೊಂಡು ಬರಬೇಡ.

ಇಂತಿ,
ನಿನ್ನ ಕಾಕಾ