ಏನೂ ಆಗ್ಲಿಲ್ಲ, ಅದಕ್ಕೇ ಈ ಥ್ಯಾಂಕ್ಸ್

ಅಪ್ಪಂಗೆ ಹೋದ ವಾರ 70 ತುಂಬ್ತು. ಈ ವರ್ಷದ ಚೆಕಪ್ ರಿಪೋರ್ಟೂ ಅದೇ ವಾರ ಬಂತು. ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ನಾರ್ಮಲ್, ಕಣ್ಣಿನ ಒಳಗಡೆ ನರ ಸರಿ ಇದೆ, ಪಾದದಲ್ಲಿ ಸ್ಪರ್ಶ ಇದೆ, ಬಿಪಿ 130ರ ಆಸುಪಾಸು. ಶುಗರೂ ಬಿಪಿನೂ ಎಷ್ಟೋ ವರ್ಷದಿಂದ ಇರೋ ಮನುಷ್ಯ, ಈಗ್ಲೂ ತೋಟದಲ್ಲಿ ಮೆಣಸಿನ ಬಳ್ಳಿ ಕಟ್ತಾ ನಿಂತಿರ್ತಾರೆ. ಆಪರೇಷನ್ ಮಾಡಿ ಉಳಿಸಿದ ಡಾಕ್ಟ್ರಿಗೆ ಎಲ್ರೂ ಶಾಲು ಹೊದಿಸ್ತಾರೆ, ಆಪರೇಷನ್ನೇ ಬೇಡದ ಹಾಗೆ ನೋಡ್ಕೊಂಡೋರ ಹೆಸರು ಯಾರ ಬಾಯಲ್ಲೂ ಬರಲ್ಲ, ಅದಕ್ಕೆ ಬರೀತಿದೀನಿ. ಕೊಡಗಿನ ಮಾದಾಪುರದ ಆಚೆ ಇರೋ ನಮ್ಮಂಥ ಊರಿಗೆ ಹತ್ತಿರ ಇರೋದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿನ ಡಾಕ್ಟ್ರು ಮೇಡಂ, ಸಿಸ್ಟರ್, ಲ್ಯಾಬಿನವ್ರು, ಔಷಧಿ ಕೊಡೋ ಅಣ್ಣ, ನಮ್ಮ ಆಶಾ ಅಕ್ಕ, ಎಲ್ರಿಗೂ ಸೇರಿ ಇದು.

ಮೊದ್ಲು ಸಿಸ್ಟರ್. ಬೇರೆ ಕಡೆ ಒಂದು ಕ್ಲಿನಿಕ್ಕಲ್ಲಿ ಅಪ್ಪ ಮೆಟ್ಲು ಹತ್ತಿ ಹೋದ ತಕ್ಷಣ, ಸ್ವೆಟರ್ ಮೇಲೇನೇ ಪಟ್ಟಿ ಸುತ್ತಿ, ಬಿಪಿ 170 ಇದೆ ಅಂತ ಹೆದರಿಸಿ ಕಳ್ಸಿದ್ರು. ನಮ್ಮ ಸಿಸ್ಟರ್ ಹತ್ರ ಹೋದ್ರೆ ‘ಯಜಮಾನ್ರೇ ಮೊದ್ಲು ಕೂತ್ಕೊಳ್ಳಿ, ಬೆನ್ನು ಒರಗ್ಸಿ, ಕಾಲು ನೆಲಕ್ಕೆ ಊರಿ, ಸ್ವೆಟರ್ ತೆಗೀರಿ, ಐದು ನಿಮಿಷ ಮಾತು ಬೇಡ’ ಅಂದ್ರು. ಕಾಪಿ ಕುಡಿದು ಅರ್ಧ ಗಂಟೆ ಆಗಿರ್ಬೇಕಂತೆ, ಬಾತ್‌ರೂಮಿಗೆ ಹೋಗಿ ಬಂದಿರ್ಬೇಕಂತೆ. ಕಾಪಿ ರೇಟ್ ಬಗ್ಗೆ ಐದು ನಿಮಿಷ ಮಾತಾಡ್ದೇ ಇರೋದು ಅಪ್ಪಂಗೆ ಎಷ್ಟು ಕಷ್ಟ ಅಂತ ಅವ್ರನ್ನ ಬಲ್ಲೋರಿಗೆ ಗೊತ್ತು. ಆಮೇಲೆ ನೋಡಿದ್ರೆ 152. ಜಾಸ್ತಿನೇ, ಆದ್ರೂ ಮೇಡಂ ಅಷ್ಟಕ್ಕೇ ಮಾತ್ರೆ ಏರಿಸ್ಲಿಲ್ಲ, ಬೇರೆ ಏನ್ ತಗೋತಿದೀರಾ ಅಂತ ಕೇಳಿದ್ರು. ಕಾಪಿ ಕೊಯ್ಲಿನ ಟೈಮಲ್ಲಿ ಮಂಡಿ ನೋವಿಗೆ ಅಂತ ಅಪ್ಪ ಪೇಟೆಯಿಂದ ಡೈಕ್ಲೋಫೆನಾಕ್ ತಂದು ನುಂಗ್ತಾ ಇದ್ದಿದ್ದು ಆಗ ಹೊರಗೆ ಬಂತು. ಆ ಮಾತ್ರೆ ಬಿಪಿನೂ ಏರಿಸತ್ತೆ, ಶುಗರ್ ಇರೋರ ಕಿಡ್ನಿಗೂ ಒಳ್ಳೇದಲ್ಲ ಅಂತ ನಿಲ್ಸಿ ಪ್ಯಾರಾಸಿಟಮಾಲ್ ಕೊಟ್ರು, ಮಂಡಿಗೆ ಮಾಡೋ ಎಕ್ಸರ್ಸೈಸ್ ತೋರ್ಸಿದ್ರು. ಬಿಪಿ ತಾನಾಗೇ ಸ್ವಲ್ಪ ಇಳೀತು. ಒಂದು ಪ್ರಶ್ನೆ ಕೇಳೋ ಪುರುಸೊತ್ತು ಇದ್ದಿದ್ದಕ್ಕೆ ಒಂದು ಮಾತ್ರೆ ಉಳೀತು ನೋಡಿ.

ಬಿಪಿಗೆ ಅಮ್ಲೋಡಿಪಿನ್ ಮಾತ್ರೆ ಶುರು ಮಾಡಿದಾಗ ಕಾಲು ಊದಿ ಮನೆಯೆಲ್ಲಾ ಗಾಬರಿ, ಪಕ್ಕದ್ಮನೆಯೋರು ಕಿಡ್ನಿ ಹೋಯ್ತು ಅಂತ ತೀರ್ಮಾನನೇ ಮಾಡ್ಬಿಟ್ಟಿದ್ರು. ಮೇಡಂ ಮೂತ್ರ, ರಕ್ತ ಎಲ್ಲಾ ನೋಡಿ, ಇದು ಮಾತ್ರೆಯಿಂದ ಬರೋ ಊತ ಅಂತ ಡೋಸ್ ಕಮ್ಮಿ ಮಾಡಿ ಜೊತೆಗೆ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದ್ರು, ಸ್ವಲ್ಪ ದಿನ ಬಿಟ್ಟು ಕ್ರಿಯಾಟಿನಿನ್ ಮತ್ತೆ ಪೊಟ್ಯಾಸಿಯಂ ಚೆಕ್ ಮಾಡ್ಸಿದ್ರು. ಕೊಲೆಸ್ಟ್ರಾಲ್ ನಾರ್ಮಲ್ ಇದ್ರೂ ಅದರ ಮಾತ್ರೆ ಅಟೋರ್ವಾಸ್ಟಾಟಿನ್ ಯಾಕೆ ಅಂತ ನಾನು ಜಗಳಕ್ಕೇ ಹೋಗಿದ್ದೆ, ಶುಗರ್ ಇದ್ದು 40 ದಾಟಿದೋರಿಗೆ ಅದು ಹಾರ್ಟಿಗೆ ಕಾವಲು ಅಂತ ಬೇಜಾರಿಲ್ದೆ ಹೇಳಿದ್ರು.

ಊಟದ ವಿಷಯದಲ್ಲಿ ಮೇಡಂ ಬುದ್ಧಿವಂತ್ರು. ಅಕ್ಕಿ ರೊಟ್ಟಿ ಬಿಡಿ ಅಂದಿದ್ರೆ ಅಪ್ಪ ಡಾಕ್ಟ್ರನ್ನೇ ಬಿಡ್ತಿದ್ರು. ರೊಟ್ಟಿ ಕಮ್ಮಿ ಮಾಡಿ ಪಲ್ಯ ಜಾಸ್ತಿ ಮಾಡಿ ಅಂದ್ರು, ಮುಗೀತು. ಬೆಲ್ಲದ ಕಾಪಿ ಮಾತ್ರ ಬಿಡಿಸಿದ್ರು, ಸಕ್ಕರೆ ಬೇಡ ಬೆಲ್ಲ ಆದ್ರೆ ಪರ್ವಾಗಿಲ್ಲ ಅನ್ನೋರು ನಮ್ಮಲ್ಲಿ ಬಹಳ ಜನ, ಶುಗರಿಗೆ ಎರಡೂ ಒಂದೇ. ಉಪ್ಪು ದಿನಕ್ಕೆ 5 ಗ್ರಾಂ, ಅಂದ್ರೆ ಒಂದು ಟೀ ಚಮಚ, ಅಡಿಗೆದೂ ಸೇರಿ. ಮಳೆಗಾಲದಲ್ಲಿ ಒಣಮೀನು, ಉಪ್ಪಿನಕಾಯಿ ಇಲ್ದೆ ಊಟ ಇಳಿಯದ ಮನೇಲಿ ಇದು ಸುಲಭ ಅಲ್ಲ, ಅಮ್ಮ ಭರಣಿನೇ ಅಟ್ಟಕ್ಕೆ ಏರಿಸಿಬಿಟ್ರು. ಅಮ್ಮಂಗೂ ಥ್ಯಾಂಕ್ಸ್, ಅಪ್ಪನ ಬೈಗುಳ ತಿಂದಿದ್ದಕ್ಕೆ.

ಆಶಾ ಅಕ್ಕಂಗೆ ಎಷ್ಟು ಹೇಳಿದ್ರೂ ಸಾಲಲ್ಲ. ಒಂದ್ ದಿನ ಅಪ್ಪ ಶುಗರ್ ಮಾತ್ರೆ ಗ್ಲಿಮೆಪಿರೈಡ್ ತಗೊಂಡು ತಿಂಡಿ ತಿನ್ನದೆ ತೋಟಕ್ಕೆ ಹೋಗಿ, ಬೆವರು, ನಡುಕ, ಮಾತು ತೊದಲು. ದಾರೀಲಿ ಸಿಕ್ಕಿದ ಅಕ್ಕ ನೋಡಿದ ಕೂಡ್ಲೇ ಸಕ್ಕರೆ ನೀರು ಕುಡಿಸಿ ಕೂರಿಸಿದ್ರು, ಕಾಲು ಗಂಟೇಲಿ ಸರಿ ಹೋದ್ರು. 70ಕ್ಕಿಂತ ಕೆಳಗೆ ಇಳಿದ ಶುಗರ್ ಏರಿದ್ದಕ್ಕಿಂತ ಬೇಗ ಆಟ ಆಡ್ಸತ್ತೆ. ಆಮೇಲೆ ಮೇಡಂ ಆ ಮಾತ್ರೆ ಅರ್ಧ ಮಾಡಿ, ಇನ್ನೊಂದು ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಊಟದ ಜೊತೆಗೇ ಮುಂದುವರಿಸಿ, ಈ ವಯಸ್ಸಿಗೆ ಮೂರು ತಿಂಗಳ ಶುಗರ್ ಸರಾಸರಿ ಹೇಳೋ ಎಚ್‌ಬಿಎ1ಸಿ 7.5 ಇದ್ರೆ ಸಾಕು, 6ಕ್ಕೆ ತರೋ ಹಠ ಬೇಡ ಅಂದ್ರು.

ಪಾದ ನೋಡೋದೂ ಆಸ್ಪತ್ರೆಯೋರು ಕಲ್ಸಿದ್ದೇ. ಸಣ್ಣ ನೈಲಾನ್ ಎಳೆ ಮುಟ್ಟಿಸಿ ಗೊತ್ತಾಗತ್ತಾ ಅಂತ ಕೇಳ್ತಾರೆ. ಗಂಬೂಟ್ ಹಾಕೋ ಮುಂಚೆ ಒಳಗೆ ಕೈ ಹಾಕಿ ಕೊಡವ್ಬೇಕು, ಸಂಜೆ ಬೆರಳ ಸಂದಿ ನೋಡ್ಬೇಕು. ಜಿಗಣೆ ಕಚ್ಚಿದ್ದು ಶುಗರ್ ಇಲ್ದೋರಿಗೂ ಗೊತ್ತಾಗಲ್ಲ ಬಿಡಿ, ಆದ್ರೆ ಅದನ್ನ ಕೆರೆದು ಗಾಯ ಮಾಡ್ಕೊಂಡ್ರೆ ಶುಗರ್ ಇರೋರಿಗೆ ತೊಂದ್ರೆ.

2018ರ ಆಗಸ್ಟಲ್ಲಿ ಗುಡ್ಡ ಕುಸಿದು ಉಟ್ಟ ಬಟ್ಟೇಲಿ ಬಂದಾಗ ಮಾತ್ರೆ ಡಬ್ಬಿ ಮನೇಲೇ ಉಳೀತು. ಪರಿಹಾರ ಕೇಂದ್ರದಲ್ಲಿ ಅಮ್ಮನ ಪರ್ಸಲ್ಲಿದ್ದ ಹಳೇ ಚೀಟಿ ನೋಡಿ ಮಾತ್ರೆ ಕೊಟ್ಟ ಆ ಸಿಸ್ಟರ್ ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಇದನ್ನ ಓದಿದ್ರೆ ನಿಮಗೂ ನಮಸ್ಕಾರ. ಈಗ ಚೀಟಿಯ ಫೋಟೋ ಮನೆಯೋರೆಲ್ಲರ ಮೊಬೈಲಲ್ಲಿದೆ, ಔಷಧಿ ಅಣ್ಣ ಜೂನ್‌ಗೆ ಮೊದ್ಲೇ ನೆನಪು ಮಾಡಿ ಮಳೆಗಾಲಕ್ಕೆ ಸೇರಿಸಿ ಕೊಡ್ತಾರೆ.

ಮೇಡಂಗೆ ಏನ್ ಕೊಡ್ಲಿ ಅಂತ ಅಪ್ಪ ಕೇಳಿದ್ರೆ ಮೆಣಸೂ ಬೇಡ ಜೇನೂ ಬೇಡ, ನಿಮ್ಮ ಲೈನಲ್ಲಿ (ತೋಟದ ಕೆಲಸದೋರ ಮನೆ ಸಾಲಲ್ಲಿ) 30 ದಾಟಿದೋರನ್ನೆಲ್ಲಾ ಒಂದ್ಸಲ ಬಿಪಿ ಶುಗರ್ ನೋಡ್ಸೋಕೆ ಕರ್ಕೊಂಡ್ ಬನ್ನಿ ಅಂದ್ರಂತೆ. ಹಾಗಾಗಿ ಬುಧವಾರ ಬೆಳಿಗ್ಗೆ ನಮ್ಮ ಜೀಪು ಆಸ್ಪತ್ರೆಗೆ ಹೋಗತ್ತೆ, ಹಿಂದೆ ಜಾಗ ಇದೆ. ಬರೋರು ಹಿಂದಿನ ರಾತ್ರಿನೇ ಅಮ್ಮಂಗೆ ಹೇಳಿ. ರಾತ್ರಿ ಊಟ ಆದ್ಮೇಲೆ ನೀರು ಬಿಟ್ಟು ಏನೂ ಬೇಡ, ಬೆಳಿಗ್ಗೆ ಕಾಪಿನೂ ಬೇಡ. ಬಿಪಿ ಮಾತ್ರೆ ಇರೋರು ನೀರಲ್ಲಿ ತಗೊಂಡೇ ಬನ್ನಿ, ಶುಗರ್ ಮಾತ್ರೆ ಮಾತ್ರ ಜೇಬಲ್ಲಿ ಇಟ್ಕೊಳ್ಳಿ, ರಕ್ತ ಕೊಟ್ಟಾದ್ಮೇಲೆ ತಿಂಡಿ ಜೊತೆ ತಗೊಂಡ್ರಾಯ್ತು, ತಿಂಡಿ ಅಪ್ಪಂದು.