ಕಾಳಿನ ತಟ್ಟೆ ಕಿತ್ತುಕೊಳ್ಳಬೇಡ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದದ ಒಂದು ಸಾಲು ರಾತ್ರಿಯೆಲ್ಲ ನಿದ್ದೆಗೆಡಿಸಿತು. 'ಗಮನ ಕೂಡಲಿ ಎಂದು ಅಣ್ಣನಿಗೆ ಕಾಳು ಆರಿಸಲು ಕೊಡುತ್ತಿದ್ದೇನೆ. ಅವನ ಗೀಳಿಗೆ ನಾನೇ ಮೇವು ಹಾಕುತ್ತಿದ್ದೇನೆಯೇ?' ಎಂದಿದ್ದೀಯ. ಹೆಸರು, ಕಡಲೆ, ಅಲಸಂದೆ ಮೂರನ್ನೂ ಬೇರೆ ಮಾಡಿದವನು ಮತ್ತೆ ಎಲ್ಲವನ್ನೂ ತಟ್ಟೆಗೆ ಸುರಿದು ಮೊದಲಿನಿಂದ ಶುರು ಮಾಡುತ್ತಾನೆ ಎಂದು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು, ಅಣ್ಣನಿಗಿರುವ ಕಾಯಿಲೆಯೇ ಇದ್ದ ನಿನ್ನ ಸೋದರಮಾವ.

1979ರ ಬೇಸಿಗೆ. ಜಗಲಿಯಲ್ಲಿ ಅಕ್ಕಿಯ ಮೊರ ಹಿಡಿದು ಕೂತಿದ್ದ. ಕಲ್ಲು ಆರಿಸಿ ಮುಗಿದಿತ್ತು. ಆದರೂ ಬೆರಳ ತುದಿಯಿಂದ ಒಂದೊಂದೇ ಕಾಳನ್ನು ಎಡದಿಂದ ಬಲಕ್ಕೆ ಸರಿಸುವನು, ನಡುವೆ ಅನುಮಾನ ಬಂದರೆ ಎಲ್ಲವನ್ನೂ ಕೂಡಿಸಿ ಮತ್ತೆ ಮೊದಲಿಂದ. ಒಲೆಯ ಮೇಲೆ ಎಸರು ಮರಳುತ್ತಿತ್ತು. ನಾನು ಮೊರ ಕಿತ್ತುಕೊಂಡೆ. 'ನಿನ್ನಿಂದ ಒಂದು ಕೆಲಸವೂ ಆಗುವುದಿಲ್ಲ' ಎಂದೆ. ಆಮೇಲೆ ಅವನು ಮೊರ ಕೇಳಲಿಲ್ಲ, ನಾವೂ ಕೊಡಲಿಲ್ಲ. ಕಿವಿಯೊಳಗಿನ ದನಿಗಳು ಮಾತ್ರೆಗೆ ತಗ್ಗಿದವು. ಚದುರಿದ ಗಮನ, ಮರೆವು ಹಾಗೆಯೇ ಉಳಿದವು. ಅದೂ ಸ್ಕಿಜೋಫ್ರೀನಿಯಾ ಎಂಬ ಆ ಮನೋರೋಗದ್ದೇ ಭಾಗ ಎಂದು ತಿಳಿಯದೆ ಸೋಮಾರಿ ಎಂದೆವು. ಆ ಮಾತನ್ನು ಈಗ ಯಾರ ಮುಂದೆ ಹಿಂದಕ್ಕೆ ಪಡೆಯಲಿ?

ಅದಕ್ಕೇ, ತಟ್ಟೆ ಕಿತ್ತುಕೊಳ್ಳಬೇಡ. ಬೆಂಗಳೂರಿನ ನಿಮ್ಹಾನ್ಸ್‌ನವರು ಮನೆಯಲ್ಲೇ ಮಾಡುವ ಅಭ್ಯಾಸಗಳಲ್ಲಿ ಕಾಳು ಬೇರ್ಪಡಿಸುವುದನ್ನೂ, ಹಾಳೆಯಲ್ಲಿ ಒಂದೇ ಅಕ್ಷರ ಹುಡುಕಿ ಹೊಡೆದುಹಾಕುವುದನ್ನೂ ಸೇರಿಸಿದ್ದು ಗಮನ ಪಳಗಲಿ ಎಂದೇ. ಹಾಗೆಂದು ನಿನ್ನ ಹೆದರಿಕೆ ಬರಿದೇ ಎನ್ನಲಾರೆ. ಮತ್ತೆ ಮತ್ತೆ ನೋಡಿದಷ್ಟೂ ತನ್ನ ನೆನಪಿನ ಮೇಲಿನ ನಂಬಿಕೆಯೇ ಸವೆಯುತ್ತದೆ, ಆಗ ಇನ್ನೊಮ್ಮೆ ನೋಡಬೇಕೆನಿಸುತ್ತದೆ. ಕಾಳು ಕಡಿಮೆ ಹಾಕಿ ನೋಡುತ್ತೀಯಾ? ಗಡಿಯಾರ ಇಟ್ಟು ಹತ್ತೇ ನಿಮಿಷ. ಒಂದೆರಡು ತಪ್ಪು ಉಳಿದರೆ ಉಳಿಯಲಿ. ಮುಗಿದ ಕೂಡಲೇ, ಅವನನ್ನೂ ಕರೆದುಕೊಂಡು, ಉಸಲಿಗೆ ನೆನೆಹಾಕಿಬಿಡು. 'ಸರಿಯಾಗಿದೆಯಾ' ಎಂದು ಅವನು ಕೇಳಿದಷ್ಟೂ ಸಲ ಹೌದೆನ್ನುವುದೂ ಬೇಡವೇನೋ. ಇದನ್ನೆಲ್ಲ ವೈದ್ಯರು ಒಪ್ಪಿದರೆ ಮಾತ್ರ ಮಾಡು, ನಾನು ಓದಿದವಳಲ್ಲ.

ಅವರನ್ನೇ ಇನ್ನೊಂದು ಕೇಳು: ಗೀಳು ಹೆಚ್ಚಿದ್ದು ಈ ಕಾಯಿಲೆಗೆ ಕೊಡುವ ಕ್ಲೋಜಪಿನ್ ಶುರುವಾದ ಮೇಲೆಯೇ? ಆ ಮಾತ್ರೆಯಿಂದ ಕೆಲವರಿಗೆ ಹಾಗಾಗುವುದುಂಟು. ನೀನಾಗಿಯೇ ನಿಲ್ಲಿಸಬೇಡ, ದೇವರಾಣೆ.

ಮೇವು ಹಾಕುತ್ತಿದ್ದೇನೆ ಎಂದು ಮತ್ತೆ ಬರೆಯಬೇಡ ಮಗಳೇ, ನನ್ನ ಕರುಳು ತಡೆಯುವುದಿಲ್ಲ. ಶನಿವಾರ ಬರಲೇ? ಅವನು ಕಾಳು ಆರಿಸುವಾಗ ಪಕ್ಕದಲ್ಲಿ ನಾನೂ ಕೂರಬಹುದೇ ಎಂದು ಅವನನ್ನೇ ಕೇಳಿ ತಿಳಿಸು.

ನಿನ್ನ ದೊಡ್ಡಮ್ಮ