ಫಿಲ್ಟರ್ ತಪ್ಪಿದರೆ ಸಾಲುಗಳು ಸದ್ದಿಲ್ಲದೆ ಮಾಯ

ಮಾನ್ಯ ಸಂಪಾದಕರೇ,

ಡೇಟಾಬೇಸ್‌ನಿಂದ ಮಾಹಿತಿ ತೆಗೆಯಲು ಬಳಸುವ ಎಸ್‌ಕ್ಯೂಎಲ್ ಭಾಷೆಯನ್ನು ಕಲಿಯುವವರಿಗಾಗಿ ಕನ್ನಡದಲ್ಲಿ ಬರಹಗಳು ಬರುತ್ತಿರುವುದು ಸಂತೋಷದ ಸಂಗತಿ. ಆದರೆ ಹೆಚ್ಚಿನವು ಸೆಲೆಕ್ಟ್, ಜಾಯಿನ್, ಗ್ರೂಪ್ ಬೈ ಎಂದು ವಿಸ್ತಾರವಾಗಿ ಹೇಳಿ, ಯಾವ ಸಾಲುಗಳು ಬೇಕೆಂದು ಸೋಸುವ ವೇರ್ ಭಾಗವನ್ನು ಎರಡು ಉದಾಹರಣೆಗಳಲ್ಲಿ ಮುಗಿಸುತ್ತವೆ. ಕೆಲಸದಲ್ಲಿ ಜನ ಎಡವುವುದು ಅಲ್ಲಿಯೇ. ಜಾಯಿನ್ ತಪ್ಪಿದರೆ ಸಾಲುಗಳು ಎರಡೆರಡು ಸಲ ಬಂದು ಕಣ್ಣಿಗೆ ಹೊಡೆಯುತ್ತವೆ. ವೇರ್ ತಪ್ಪಿದರೆ ಒಂದಷ್ಟು ಸಾಲುಗಳು ಬರುವುದೇ ಇಲ್ಲ, ಎರರ್ ಕೂಡ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಯಾರೂ ಹುಡುಕುವುದಿಲ್ಲ. ಆದ್ದರಿಂದ, ‘ಹೀಗಿದ್ದರೆ ಇದನ್ನು ನೋಡು, ಹಾಗಿದ್ದರೆ ಅದನ್ನು ನೋಡು’ ಎಂಬ ಬಗೆಯ ಷರತ್ತುಗಳನ್ನು ಫಿಲ್ಟರ್‌ನಲ್ಲಿ ಹೇಗೆ ಬರೆಯಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಅರ್ಜಿಗಳ ಒಂದು ಟೇಬಲ್ ಇದೆ ಎಂದುಕೊಳ್ಳಿ. ಸ್ಕ್ರೀನ್‌ನಲ್ಲಿ ‘ಬಾಕಿ’ ಎಂದು ಆರಿಸಿದರೆ ಅರ್ಜಿ ಬಂದ ದಿನಾಂಕದ ಮೇಲೆ, ‘ಮುಗಿದಿದೆ’ ಎಂದು ಆರಿಸಿದರೆ ವಿಲೇವಾರಿಯಾದ ದಿನಾಂಕದ ಮೇಲೆ ಸೋಸಬೇಕು. ಏನನ್ನೂ ಆರಿಸದಿದ್ದರೆ ಎಲ್ಲವೂ ಬರಬೇಕು. ಬೇರೆ ಪ್ರೋಗ್ರಾಮಿಂಗ್ ಭಾಷೆಗಳಿಂದ ಬಂದವರು ವೇರ್ ಒಳಗೆ ಇಫ್ ಬರೆಯಲು ಹೋಗುತ್ತಾರೆ. ಅದು ಆಗದಿದ್ದಾಗ ಕೇಸ್ ಹಿಡಿದು, ದೆನ್ ಆದಮೇಲೆ ‘ಬಂದ_ದಿನ >= :ಇಂದ’ ಎಂದು ಇಡೀ ಷರತ್ತನ್ನೇ ಇಡುತ್ತಾರೆ (ಮುಂದೆ ಕೋಲನ್ ಇರುವ :ಇಂದ, :ಆಯ್ಕೆ ಇಂಥವು ಪ್ಯಾರಾಮೀಟರ್‌ಗಳು, ಅಂದರೆ ಸ್ಕ್ರೀನ್‌ನಿಂದ ಬರುವ ಮೌಲ್ಯಗಳು). ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಇದನ್ನು ಒಪ್ಪುವುದಿಲ್ಲ. ಕೇಸ್ ಎಂಬುದು ಒಂದು ಎಕ್ಸ್‌ಪ್ರೆಷನ್. ಅದು ಒಂದು ಮೌಲ್ಯವನ್ನು ಕೊಡಬಲ್ಲದೇ ಹೊರತು ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ದಾರಿಯನ್ನು ಕವಲೊಡೆಸಲಾರದು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಬೂಲಿಯನ್ (ನಿಜ ಅಥವಾ ಸುಳ್ಳು) ಒಂದು ಡೇಟಾ ಟೈಪ್ ಆಗಿರುವುದರಿಂದ, ಮೈಎಸ್‌ಕ್ಯೂಎಲ್ ಎಂಬುದರಲ್ಲಿ ಹೋಲಿಕೆಯ ಫಲಿತಾಂಶ 1 ಅಥವಾ 0 ಆಗಿರುವುದರಿಂದ ಅದೇ ಬರಹ ಅಲ್ಲಿ ಓಡುತ್ತದೆ. ಒಂದು ಕಡೆ ಓಡಿದ್ದನ್ನು ಇನ್ನೊಂದು ಕಡೆಗೆ ನಕಲು ಮಾಡಿದವರು ಗೊಂದಲಕ್ಕೆ ಬೀಳುವುದು ಇದರಿಂದ.

ಎಲ್ಲ ಕಡೆಯೂ ನಡೆಯುವ ಬರಹ ಹೀಗಿದೆ (ವೇರ್, ಆಂಡ್, ಆರ್‌ನಂಥ ಪದಗಳನ್ನು ಕೋಡ್‌ನಲ್ಲಿ WHERE, AND, OR ಎಂದು ಇಂಗ್ಲಿಷ್‌ನಲ್ಲೇ ಬರೆಯಬೇಕು):

ವೇರ್ (:ಆಯ್ಕೆ = 'ಬಾಕಿ' ಆಂಡ್ ಬಂದ_ದಿನ >= :ಇಂದ)
ಆರ್ (:ಆಯ್ಕೆ = 'ಮುಗಿದಿದೆ' ಆಂಡ್ ಮುಗಿದ_ದಿನ >= :ಇಂದ)
ಆರ್ (:ಆಯ್ಕೆ ಈಸ್ ನಲ್)

ಪ್ರತಿ ಆವರಣದಲ್ಲೂ ಮೊದಲು ‘ಯಾವಾಗ’, ಆಮೇಲೆ ‘ಏನು’. ಮೂರನೇ ಸಾಲನ್ನು ಬಿಟ್ಟರೆ, ಆಯ್ಕೆ ನಲ್ (ಮೌಲ್ಯವೇ ಇಲ್ಲದ್ದು) ಆಗಿದ್ದಾಗ ಮೇಲಿನ ಎರಡೂ ಆವರಣಗಳು ನಿಜ ಆಗುವುದೇ ಇಲ್ಲ, ಪಟ್ಟಿ ಖಾಲಿ ಬರುತ್ತದೆ. ಇದಕ್ಕೆ ಹೊಸ ಷರತ್ತು ಸೇರಿಸುವಾಗ ಮೂರೂ ಸಾಲುಗಳನ್ನು ಸುತ್ತುವ ಹೊರಗಿನ ಆವರಣವನ್ನು ಮರೆಯುವಂತಿಲ್ಲ. ಆರ್‌ಗಿಂತ ಆಂಡ್ ಬಿಗಿ, ಅಂದರೆ ಆಂಡ್‌ನ ಎರಡೂ ಕಡೆಯವು ಮೊದಲು ಜೊತೆಯಾಗುತ್ತವೆ. ‘ವಿಭಾಗ = 'ಎ' ಆರ್ ವಿಭಾಗ = 'ಬಿ' ಆಂಡ್ ಸ್ಥಿತಿ = 'ಬಾಕಿ'’ ಎಂದು ಬರೆದರೆ ಸ್ಥಿತಿಯ ಷರತ್ತು ಬಿ ವಿಭಾಗಕ್ಕೆ ಮಾತ್ರ ತಾಗುತ್ತದೆ, ಎ ವಿಭಾಗದ ಎಲ್ಲ ಅರ್ಜಿಗಳೂ ನುಗ್ಗಿ ಬರುತ್ತವೆ. ಆಂಡ್ ಮತ್ತು ಆರ್ ಒಂದೇ ವೇರ್‌ನಲ್ಲಿ ಸೇರಿದರೆ, ಬೇಕೋ ಬೇಡವೋ ಎಂದು ಯೋಚಿಸದೆ ಆವರಣ ಹಾಕಿ.

ಮೇಲಿನ ಮೊದಲ ಎರಡು ಸಾಲುಗಳ ಕೆಲಸವನ್ನು ‘ಕೇಸ್ :ಆಯ್ಕೆ ವೆನ್ 'ಬಾಕಿ' ದೆನ್ ಬಂದ_ದಿನ ವೆನ್ 'ಮುಗಿದಿದೆ' ದೆನ್ ಮುಗಿದ_ದಿನ ಎಂಡ್ >= :ಇಂದ’ ಎಂದೂ ಮಾಡಬಹುದು. ಇಲ್ಲಿ ಕೇಸ್ ಒಂದು ದಿನಾಂಕವನ್ನು ಕೊಡುತ್ತದೆ, ಹೋಲಿಕೆ ಹೊರಗೆ ನಡೆಯುತ್ತದೆ, ಆದ್ದರಿಂದ ನಿಯಮದ ಪ್ರಕಾರ ಸರಿ. ಆದರೂ ನಾವು ಇದನ್ನು ಸಲಹೆ ಮಾಡುವುದಿಲ್ಲ. ಬಂದ_ದಿನದ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇದ್ದರೂ, ಆ ಕಾಲಂ ಕೇಸ್ ಒಳಗೆ ಅಡಗಿದ ಮೇಲೆ ಇಂಡೆಕ್ಸ್ ಹಿಡಿದು ನೇರವಾಗಿ ಆ ದಿನಾಂಕಕ್ಕೆ ಇಳಿಯಲು ಡೇಟಾಬೇಸ್‌ಗೆ ಆಗುವುದಿಲ್ಲ. ಸಾಮಾನ್ಯವಾಗಿ ಸಾಲು ಸಾಲಾಗಿ ಓದಿಯೇ ತೀರಬೇಕು. ಸಾವಿರ ಸಾಲುಗಳ ಟೇಬಲ್‌ನಲ್ಲಿ ವ್ಯತ್ಯಾಸ ತಿಳಿಯದು, ಕೋಟಿ ಸಾಲುಗಳಾದಾಗ ಸ್ಕ್ರೀನ್ ನಿಂತೇಹೋಗುತ್ತದೆ. ಇಯರ್(ಬಂದ_ದಿನ) = 2024 ಎಂದು ಬರೆಯುವುದರ ತೊಂದರೆಯೂ ಇದೇ. ಬಂದ_ದಿನ >= '2024-01-01' ಆಂಡ್ ಬಂದ_ದಿನ < '2025-01-01' ಎಂದರೆ ಕಾಲಂ ಬರಿದಾಗಿ ನಿಲ್ಲುತ್ತದೆ, ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಡಿಸೆಂಬರ್ 31ರ ಸಂಜೆ ಬಂದ ಅರ್ಜಿಯೂ ತಪ್ಪಿಹೋಗುವುದಿಲ್ಲ. ಬಿಟ್ವೀನ್ ಬಳಸಿ '2024-12-31' ಎಂದು ಮುಗಿಸಿದ್ದರೆ, ಕಾಲಂನಲ್ಲಿ ಗಂಟೆ ನಿಮಿಷಗಳೂ ಇದ್ದಾಗ ಆ ದಿನ ಶುರುವಾಗುವ ಮಧ್ಯರಾತ್ರಿ 12 ಗಂಟೆಯ ನಂತರದ್ದೆಲ್ಲ ಹೊರಗುಳಿಯುತ್ತಿತ್ತು.

ಕೇಸ್ ಬಳಸಲೇಬೇಕಾದಾಗ ಎರಡು ವಿಷಯ ನೆನಪಿರಲಿ. ಎಲ್ಸ್ ಬರೆಯದಿದ್ದರೆ, ಯಾವ ವೆನ್ ಕೂಡ ಹೊಂದದಾಗ ಸಿಗುವುದು ನಲ್. ‘ಮೊತ್ತ >= ಕೇಸ್ ವರ್ಗ ವೆನ್ 'ಸಣ್ಣ' ದೆನ್ 5000 ವೆನ್ 'ದೊಡ್ಡ' ದೆನ್ 50000 ಎಂಡ್’ ಎಂಬ ಫಿಲ್ಟರ್‌ನಲ್ಲಿ ನಾಳೆ ಯಾರೋ ‘ಮಧ್ಯಮ’ ಎಂಬ ವರ್ಗ ಸೇರಿಸಿದರೆ ಆ ವರ್ಗದ ಒಂದು ಸಾಲೂ ಬರುವುದಿಲ್ಲ. ಇಂಥ ಮಿತಿಗಳು ಎರಡು ಮೂರಕ್ಕಿಂತ ಹೆಚ್ಚಾದರೆ ಅವನ್ನು ಒಂದು ಪುಟ್ಟ ಟೇಬಲ್‌ನಲ್ಲಿಟ್ಟು ಜಾಯಿನ್ ಮಾಡುವುದೇ ಮೇಲು. ಎರಡನೆಯದು, ಎಲ್ಲ ದೆನ್‌ಗಳ ಮೌಲ್ಯವೂ ಒಂದೇ ಟೈಪ್ ಆಗಿರಬೇಕು. ಒಂದು ಕಡೆ ಅಂಕಿ, ಇನ್ನೊಂದು ಕಡೆ ಅಕ್ಷರ ಇಟ್ಟರೆ ಎಸ್‌ಕ್ಯೂಎಲ್ ಸರ್ವರ್ ಅಕ್ಷರವನ್ನು ಅಂಕಿ ಮಾಡಲು ಹೊರಡುತ್ತದೆ. ಅಂಕಿ ಆಗಲಾರದ ಅಕ್ಷರದ ಸಾಲು ಸಿಗುವವರೆಗೆ ಕ್ವೆರಿ ಚೆನ್ನಾಗಿಯೇ ಓಡಿ, ಸಿಕ್ಕ ದಿನ ಬೀಳುತ್ತದೆ.

ಈಗ ನಲ್ ವಿಷಯ. ಎಸ್‌ಕ್ಯೂಎಲ್‌ನಲ್ಲಿ ಷರತ್ತಿಗೆ ಎರಡಲ್ಲ, ಮೂರು ಉತ್ತರಗಳು: ನಿಜ, ಸುಳ್ಳು, ಗೊತ್ತಿಲ್ಲ. ವೇರ್ ಒಳಕ್ಕೆ ಬಿಡುವುದು ನಿಜವನ್ನು ಮಾತ್ರ. 100 ಅರ್ಜಿಗಳಲ್ಲಿ 60 ಮಂಜೂರು, 30 ತಿರಸ್ಕೃತ, ಉಳಿದ 10ರಲ್ಲಿ ಸ್ಥಿತಿ ತುಂಬಿಯೇ ಇಲ್ಲ ಎಂದಿರಲಿ. ‘ಸ್ಥಿತಿ <> 'ಮಂಜೂರು'’ ಎಂದು ಕೇಳಿದರೆ 40 ಬರುತ್ತದೆ ಎಂದು ಯಾರಾದರೂ ಎಣಿಸುತ್ತಾರೆ. ಬರುವುದು 30. ತುಂಬದ ಸ್ಥಿತಿ ಮಂಜೂರಿಗೆ ಸಮವೋ ಅಲ್ಲವೋ ಎಂಬುದಕ್ಕೆ ಡೇಟಾಬೇಸ್ ಕೊಡುವ ಉತ್ತರ ‘ಗೊತ್ತಿಲ್ಲ’. ಮುಂದೆ ನಾಟ್ ಸೇರಿಸಿದರೂ ಉತ್ತರ ಬದಲಾಗದು. ಆ 10 ಅರ್ಜಿಗಳು ಮಂಜೂರಾದವುಗಳ ಪಟ್ಟಿಯಲ್ಲೂ ಇಲ್ಲ, ಆಗದವುಗಳ ಪಟ್ಟಿಯಲ್ಲೂ ಇಲ್ಲ. ಅವು ಬೇಕಿದ್ದರೆ ‘(ಸ್ಥಿತಿ <> 'ಮಂಜೂರು' ಆರ್ ಸ್ಥಿತಿ ಈಸ್ ನಲ್)’ ಎಂದು ಬಾಯಿಬಿಟ್ಟು ಹೇಳಬೇಕು. ಪೋಸ್ಟ್‌ಗ್ರೆಸ್‌ನಲ್ಲೂ 2022ರ ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಈಸ್ ಡಿಸ್ಟಿಂಕ್ಟ್ ಫ್ರಮ್ ಎಂಬುದು ಇದೇ ಮಾತನ್ನು ಚಿಕ್ಕದಾಗಿ ಹೇಳುತ್ತದೆ.

ಇದಕ್ಕಿಂತ ಅಪಾಯಕಾರಿಯಾದದ್ದು ನಾಟ್ ಇನ್, ಅಂದರೆ ‘ಈ ಪಟ್ಟಿಯಲ್ಲಿ ಇಲ್ಲದ್ದು’ ಎಂಬ ಷರತ್ತು. ಪಟ್ಟಿ ಕೊಡುವ ಒಳಗಿನ ಸಬ್‌ಕ್ವೆರಿಯಲ್ಲಿ ಒಂದೇ ಒಂದು ನಲ್ ಇದ್ದರೂ ಸಾಕು, ಫಲಿತಾಂಶ ಪೂರ್ತಿ ಸೊನ್ನೆ. ಕಳೆದ ತಿಂಗಳವರೆಗೆ ಸರಿಯಿದ್ದ ವರದಿ ಒಂದು ಬೆಳಿಗ್ಗೆ ಖಾಲಿಯಾಗಿ ಬಂದರೆ ಮೊದಲು ಇದನ್ನೇ ಶಂಕಿಸಿ. ನಾಟ್ ಎಕ್ಸಿಸ್ಟ್ಸ್ ಬರೆದರೆ ಈ ತೊಂದರೆ ಇಲ್ಲ. ಎಡಗಡೆಯ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಳ್ಳುವ ಲೆಫ್ಟ್ ಜಾಯಿನ್‌ನಲ್ಲೂ ಇದರ ನೆರಳಿದೆ. ಬಲಗಡೆಯ ಟೇಬಲ್‌ನ ಕಾಲಂ ಮೇಲಿನ ಷರತ್ತನ್ನು ವೇರ್‌ನಲ್ಲಿ ಹಾಕಿದರೆ, ಜೋಡಿ ಸಿಗದ ಸಾಲುಗಳಲ್ಲಿ ಆ ಕಾಲಂ ನಲ್ ಆಗಿರುವುದರಿಂದ ಅವೆಲ್ಲ ಉದುರಿ, ಲೆಫ್ಟ್ ಜಾಯಿನ್ ಇನ್ನರ್ ಜಾಯಿನ್ ಆಗಿಬಿಡುತ್ತದೆ. ಆ ಷರತ್ತು ಇರಬೇಕಾದ ಜಾಗ ಜಾಯಿನ್‌ನ ಆನ್ ಭಾಗ.

ಹುಡುಕಾಟದ ಸ್ಕ್ರೀನ್‌ಗಳಲ್ಲಿ ‘ತುಂಬಿದ್ದರೆ ಮಾತ್ರ ಸೋಸು’ ಎಂಬ ಬೇಡಿಕೆ ಸದಾ ಇರುತ್ತದೆ. ‘ವಿಭಾಗ = ಕೋಯಲೆಸ್(:ವಿಭಾಗ, ವಿಭಾಗ)’ ಎಂಬ ಚುಟುಕು ಬರಹ ಬಹಳ ಜನಪ್ರಿಯ. ಕೋಯಲೆಸ್ ಕೊಡುವುದು ಒಳಗಿನವುಗಳಲ್ಲಿ ನಲ್ ಅಲ್ಲದ ಮೊದಲನೆಯದನ್ನು. ಪ್ಯಾರಾಮೀಟರ್ ಖಾಲಿ ಇದ್ದಾಗ ಅದು ‘ವಿಭಾಗ = ವಿಭಾಗ’ ಆಗುತ್ತದೆ. ವಿಭಾಗ ನಲ್ ಇರುವ ಸಾಲುಗಳು ಅಲ್ಲೂ ‘ಗೊತ್ತಿಲ್ಲ’ಕ್ಕೆ ಬಿದ್ದು ಹೊರಹೋಗುತ್ತವೆ. ಎಲ್ಲವನ್ನೂ ತೋರಿಸು ಎಂದಾಗಲೂ ಎಲ್ಲ ಬರುವುದಿಲ್ಲ. ‘(:ವಿಭಾಗ ಈಸ್ ನಲ್ ಆರ್ ವಿಭಾಗ = :ವಿಭಾಗ)’ ಎಂಬುದೇ ಸರಿ. ಇದರಲ್ಲೂ ಒಂದು ಎಚ್ಚರಿಕೆ ಬೇಕು. ವೆಬ್ ಫಾರ್ಮ್‌ನ ಖಾಲಿ ಪೆಟ್ಟಿಗೆ ಸಾಮಾನ್ಯವಾಗಿ ನಲ್ ಕಳಿಸುವುದಿಲ್ಲ, ಖಾಲಿ ಸ್ಟ್ರಿಂಗ್ ಕಳಿಸುತ್ತದೆ. ಒರಾಕಲ್ ಅದನ್ನು ನಲ್ ಎಂದೇ ಎಣಿಸುತ್ತದೆ, ಉಳಿದವು ಎಣಿಸುವುದಿಲ್ಲ. ಹೋಲಿಕೆಗೆ ಕೊಡುವ ಮೊದಲೇ ನಲ್‌ಇಫ್(:ವಿಭಾಗ, '') ಮಾಡಿಕೊಳ್ಳಿ, ಎರಡೂ ಸಮವಾದರೆ ಅದು ನಲ್ ಕೊಡುತ್ತದೆ. ಹಲವು ವಿಭಾಗಗಳನ್ನು ಒಟ್ಟಿಗೆ ಆರಿಸುವ ಅವಕಾಶ ಇದ್ದಾಗ 'ಎ,ಬಿ' ಎಂಬ ಒಂದೇ ಸ್ಟ್ರಿಂಗನ್ನು ಇನ್ ಒಳಗೆ ಕೊಟ್ಟರೆ ಅದು ಎರಡು ಮೌಲ್ಯ ಆಗುವುದಿಲ್ಲ, ಅಲ್ಪವಿರಾಮ ಸಹಿತ ಒಂದೇ ಮೌಲ್ಯ. ಪೋಸ್ಟ್‌ಗ್ರೆಸ್‌ನಲ್ಲಿ ಅರೇ (ಮೌಲ್ಯಗಳ ಸಾಲು) ಕೊಟ್ಟು ಎನಿ ಬಳಸಬೇಕು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದ ಇರುವ ಸ್ಟ್ರಿಂಗ್_ಸ್ಪ್ಲಿಟ್ ಅಥವಾ ಟೇಬಲ್ ರೂಪದ ಪ್ಯಾರಾಮೀಟರ್ ಬಳಸಬೇಕು.

ಇಂಥ ಐಚ್ಛಿಕ ಷರತ್ತುಗಳು ಎರಡು ಮೂರು ಇದ್ದರೆ ಸರಿ. ಹತ್ತು ಹದಿನೈದು ಆದಾಗ ವೇಗ ಕುಸಿಯುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಂಥ ಡೇಟಾಬೇಸ್ ಒಮ್ಮೆ ರಚಿಸಿದ ಪ್ಲಾನನ್ನು (ಕ್ವೆರಿ ಓಡಿಸುವ ದಾರಿಯನ್ನು) ಇಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ. ಯಾವ ಪ್ಯಾರಾಮೀಟರ್ ತುಂಬಿ ಬಂದರೂ ತಪ್ಪು ಉತ್ತರ ಬಾರದಂಥ ಪ್ಲಾನ್ ಬೇಕಿರುವುದರಿಂದ ಅದು ಹೆಚ್ಚಾಗಿ ಇಡೀ ಟೇಬಲ್ ಓದುವ ದಾರಿಯನ್ನೇ ಆರಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕ್ವೆರಿಯ ಕೊನೆಗೆ ಆಪ್ಷನ್ (ರೀಕಂಪೈಲ್) ಸೇರಿಸಿದರೆ ಪ್ರತಿ ಸಲವೂ ಆಗಿನ ಮೌಲ್ಯಗಳನ್ನು ನೋಡಿ, ಬೇಡದ ಆವರಣಗಳನ್ನು ಕಿತ್ತೊಗೆದು ಹೊಸ ಪ್ಲಾನ್ ಮಾಡುತ್ತದೆ. ಪ್ರತಿ ಸಲದ ಕಂಪೈಲ್ ಅದರ ಖರ್ಚು. ಸೆಕೆಂಡಿಗೆ ನೂರಾರು ಬಾರಿ ಓಡುವ ಕ್ವೆರಿಗೆ ಇದು ಸಲ್ಲದು, ಆಗೊಮ್ಮೆ ಈಗೊಮ್ಮೆ ಓಡುವ ವರದಿಗೆ ಧಾರಾಳವಾಗಿ ಹಾಕಬಹುದು. ಪೋಸ್ಟ್‌ಗ್ರೆಸ್ ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಒಮ್ಮೆ ಸಿದ್ಧಪಡಿಸಿ ಮತ್ತೆ ಮತ್ತೆ ಓಡಿಸುವ ಕ್ವೆರಿ) ಅನ್ನು ಮೊದಲ 5 ಸಲ ಆಯಾ ಮೌಲ್ಯಗಳಿಗೆ ತಕ್ಕ ಪ್ಲಾನ್‌ನಿಂದ ಓಡಿಸಿ, ಆಮೇಲೆ ಸಾಮಾನ್ಯ ಪ್ಲಾನ್ ಅಗ್ಗವೆನಿಸಿದರೆ ಅದಕ್ಕೆ ಹೊರಳುತ್ತದೆ. ಪರೀಕ್ಷಿಸುವಾಗ ವೇಗವಾಗಿದ್ದ ಕ್ವೆರಿ ಆರನೇ ಸಲದಿಂದ ನಿಧಾನವಾದರೆ ಕಾರಣ ಇದೇ ಇರಬಹುದು.

ಷರತ್ತುಗಳು ತೀರಾ ಹೆಚ್ಚಿದ್ದಲ್ಲಿ, ತುಂಬಿದ ಪೆಟ್ಟಿಗೆಗಳ ಷರತ್ತನ್ನಷ್ಟೇ ಸೇರಿಸಿ ಕ್ವೆರಿಯನ್ನು ಕೋಡ್‌ನಲ್ಲಿ ಕಟ್ಟುವುದು ಉತ್ತಮ. ಆದರೆ ಬಳಕೆದಾರ ಬರೆದದ್ದನ್ನು ಕ್ವೆರಿಯ ಪಠ್ಯಕ್ಕೆ ಅಂಟಿಸಬೇಡಿ. ಬರೆದ ಮಾತೇ ಕ್ವೆರಿಯ ಭಾಗವಾಗಿ ಓಡುವ ದಾಳಿ, ಎಸ್‌ಕ್ಯೂಎಲ್ ಇಂಜೆಕ್ಷನ್, ಒಳಬರುವುದು ಆ ಬಾಗಿಲಿನಿಂದಲೇ. ಪಠ್ಯದಲ್ಲಿ ಪ್ಯಾರಾಮೀಟರ್‌ನ ಹೆಸರು ಮಾತ್ರ ಇರಲಿ, ಮೌಲ್ಯ ಬೇರೆಯಾಗಿ ಹೋಗಲಿ. ಆರ್ಡರ್ ಬೈಗೆ ಬೇಕಾದ ಕಾಲಂ ಹೆಸರನ್ನು ಪ್ಯಾರಾಮೀಟರ್ ಮಾಡಲು ಬರುವುದಿಲ್ಲ. ಅದನ್ನು ಮೊದಲೇ ಬರೆದಿಟ್ಟ ಹೆಸರುಗಳ ಪಟ್ಟಿಯಿಂದಲೇ ಆರಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಬೇರೂರಿದೆ. ವೇರ್‌ನಲ್ಲಿ ಎಡಗಡೆ ಬರೆದ ಷರತ್ತು ಮೊದಲು ಓಡುತ್ತದೆ ಎಂದು ನಂಬಿ ‘ಸಂಖ್ಯೆ <> 0 ಆಂಡ್ ಮೊತ್ತ / ಸಂಖ್ಯೆ > 10’ ಎಂದು ಬರೆಯುತ್ತಾರೆ. ಯಾವುದನ್ನು ಮೊದಲು ಓಡಿಸಬೇಕೆಂಬುದು ಡೇಟಾಬೇಸ್‌ನ ಇಷ್ಟ. ಸೊನ್ನೆಯಿಂದ ಭಾಗಿಸಿದ ಎರರ್ ಯಾವಾಗ ಬೇಕಾದರೂ ಬರಬಹುದು. ‘ಮೊತ್ತ / ನಲ್‌ಇಫ್(ಸಂಖ್ಯೆ, 0) > 10’ ಎಂದರೆ ಸೊನ್ನೆ ಇದ್ದಲ್ಲಿ ಉತ್ತರ ನಲ್ ಆಗಿ ಸಾಲು ತಾನಾಗಿ ಹೊರಗುಳಿಯುತ್ತದೆ. ಕೇಸ್ ನಿಜವಾಗಿ ನೆರವಿಗೆ ಬರುವುದೂ ಇಂಥಲ್ಲಿಯೇ, ಏಕೆಂದರೆ ಅದು ವೆನ್‌ಗಳನ್ನು ಬರೆದ ಕ್ರಮದಲ್ಲೇ ನೋಡುತ್ತದೆ. ಆದರೆ ದೆನ್‌ನಲ್ಲಿ 1/0 ಎಂಬಂಥ ಬರಿಯ ಸ್ಥಿರಾಂಕವಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಪ್ಲಾನ್ ಮಾಡುವಾಗಲೇ ಲೆಕ್ಕ ಹಾಕಿ ಎರರ್ ಕೊಡುತ್ತದೆ. ಸಮ್, ಮ್ಯಾಕ್ಸ್‌ನಂಥವು ಒಳಗಿದ್ದರೂ ಕೇಸ್‌ಗಿಂತ ಮುಂಚೆ ಅವುಗಳ ಲೆಕ್ಕ ಆಗಿರುತ್ತದೆ.

ಯಾವ ಫಿಲ್ಟರ್ ಬರೆದರೂ ಬಳಕೆಗೆ ಬಿಡುವ ಮೊದಲು ಮೂರು ಎಣಿಕೆ ಮಾಡಿ: ಷರತ್ತು ಹಾಕಿ ಒಮ್ಮೆ, ಅದೇ ಷರತ್ತನ್ನು ಆವರಣದಲ್ಲಿಟ್ಟು ಮುಂದೆ ನಾಟ್ ಹಾಕಿ ಒಮ್ಮೆ, ವೇರ್ ಇಲ್ಲದೆ ಒಮ್ಮೆ. ಮೊದಲಿನ ಎರಡರ ಮೊತ್ತ ಮೂರನೆಯದಕ್ಕೆ ಸಮವಾಗದಿದ್ದರೆ, ಕೊರತೆ ಬಿದ್ದಷ್ಟು ಸಾಲುಗಳು ‘ಗೊತ್ತಿಲ್ಲ’ದಲ್ಲಿ ಸಿಕ್ಕಿವೆ ಎಂದರ್ಥ. ಮೇಲಿನ ಉದಾಹರಣೆಯಲ್ಲಿ 30, 60, 100 ಬಂದು ಆ 10 ಅರ್ಜಿಗಳು ತಕ್ಷಣ ಬಯಲಾಗುತ್ತವೆ. ಪ್ರತಿ ಪ್ಯಾರಾಮೀಟರ್‌ಗೂ ನಲ್, ಖಾಲಿ ಸ್ಟ್ರಿಂಗ್, ಸರಿಯಾದ ಒಂದು ಮೌಲ್ಯ, ಎಲ್ಲೂ ಇಲ್ಲದ ಒಂದು ಮೌಲ್ಯ ಕೊಟ್ಟು ನೋಡಿ. ಎಲ್ಲ ಕಾಲಂಗಳೂ ತುಂಬಿರುವ ಅಂದದ ಮಾದರಿ ಡೇಟಾದ ಮೇಲೆ ಪರೀಕ್ಷಿಸಿದರೆ ಈ ತಪ್ಪುಗಳಲ್ಲಿ ಬಹುಪಾಲು ಕಾಣಿಸುವುದೇ ಇಲ್ಲ.

ತಮ್ಮಲ್ಲಿ ಒಂದು ವಿನಂತಿ. ಡೇಟಾಬೇಸ್‌ನಿಂದ ತೆಗೆದ ಅಂಕಿಅಂಶಗಳನ್ನು ಪತ್ರಿಕೆಯಲ್ಲಿ ಪ್ರಕಟಿಸುವಾಗ, ಯಾವ ಷರತ್ತಿನ ಮೇಲೆ ಸೋಸಲಾಗಿದೆ, ಮಾಹಿತಿ ತುಂಬದ ದಾಖಲೆಗಳು ಎಷ್ಟಿದ್ದವು, ಅವನ್ನು ಎಣಿಕೆಗೆ ಸೇರಿಸಲಾಗಿದೆಯೇ ಇಲ್ಲವೇ ಎಂಬುದನ್ನು ಕೊಟ್ಟವರಿಂದ ಕೇಳಿ ಪಡೆದು, ಅಂಕಿಯ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಮಾಡಿ. ಕಲಿಕೆಯ ಪುಟಕ್ಕೆ ಬರೆಯುವವರಿಗೂ, ಉದಾಹರಣೆಯ ಟೇಬಲ್‌ನಲ್ಲಿ ಒಂದೆರಡು ಖಾನೆಗಳನ್ನು ತುಂಬದೆ ಬಿಡುವಂತೆ ತಿಳಿಸಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ಡೇಟಾಬೇಸ್ ಕೆಲಸದಲ್ಲಿರುವ ಓದುಗರು